ಪಾಪಿಕಾಕ್, ಪೂರ್ಣವಿರಾಮ

ಗಂಡನ ನಾಲಿಗೆಯ ಮೇಲೆ 'ಪಾಪಿಕಾಕ್' ಎಂಬ ಇಂಗ್ಲಿಷ್ ಪದ ಬಂದು ಕೂತದ್ದು ಅವನ ವಿಮಾ ಕಚೇರಿಯ ಹೊಸ ಮ್ಯಾನೇಜರರ ದೆಸೆಯಿಂದ. ಅಲ್ಲಿಂದ ಮುಂದೆ ಅವಳು ಏನು ಹೇಳಿದರೂ ತಳ್ಳಿಹಾಕಲು ಅದೊಂದೇ ಉತ್ತರ. ನಲ್ಲಿ ಸೋರುತ್ತಿದೆ ಅಂದರೆ ಪಾಪಿಕಾಕ್, ಅಂಗಿ ಬಿಗಿಯಾಗಿದೆ ಅಂದರೆ ಪಾಪಿಕಾಕ್. ಅದನ್ನೆಲ್ಲ ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಆದರೆ ಈಜು ಕಲಿಯುತ್ತೇನೆ ಎಂದಾಗಲೂ ಅವನು ಪೇಪರಿನಿಂದ ತಲೆಯೆತ್ತದೆ ಅದನ್ನೇ ಅಂದದ್ದು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಚಿಕ್ಕವಳಿದ್ದಾಗ ಅಣ್ಣಂದಿರು ಈಜುತ್ತಿದ್ದರೆ ದಡದಲ್ಲಿ ಕೂತು ಅವರ ಬಟ್ಟೆ ಕಾದವಳು ಅವಳು; ಅದನ್ನು ಗಂಡನಿಗೂ ಎಷ್ಟೋ ಸಲ ಹೇಳಿದ್ದಳು. ಈಜುಕೊಳದಲ್ಲಿ ಹೆಸರು ಕೊಡಲು ಶನಿವಾರವೇ ಕಡೆ.

ಅವಳ ಕೆಲಸ ಇಂಗ್ಲಿಷ್-ಕನ್ನಡ ನಿಘಂಟು ಅಚ್ಚಾಗುವ ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ಒಬ್ಬರು ಮೂಲವನ್ನು ಅಲ್ಪವಿರಾಮ, ಪೂರ್ಣವಿರಾಮ ಒಂದನ್ನೂ ಬಿಡದೆ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡಬೇಕು. ಈ ಅಭ್ಯಾಸದಿಂದ ತರಕಾರಿ ಅಂಗಡಿಯಲ್ಲೂ "ಟೊಮೆಟೊ, ಅಲ್ಪವಿರಾಮ, ಈರುಳ್ಳಿ" ಎಂದು ಅವಳ ಬಾಯಿ ತಪ್ಪುತ್ತಿತ್ತು.

ಗುರುವಾರ ಎದುರಿಗೆ ಕೂತು ಓದುತ್ತಿದ್ದ ಹುಡುಗಿ ನಗು ತಡೆಯಲಾರದೆ ನಿಲ್ಲಿಸಿದಳು. "ಅಕ್ಕಾ, ನಿಮ್ಮನೆಯವರ ಪದ ಬಂತು. ಕೇಳಿಸ್ಕೊಳ್ಳಿ."

ಆ ಸಂಜೆ ಊಟಕ್ಕೆ ಕೂತಾಗ ಅವಳು ಮತ್ತೆ ಈಜಿನ ಮಾತೆತ್ತಿದಳು.

"ಪಾಪಿಕಾಕ್," ಅಂದ ಗಂಡ. "ಈ ವಯಸ್ಸಲ್ಲಿ."

ಅವಳು ಪ್ರೆಸ್ಸಿನ ದನಿಯಲ್ಲೇ ಶುರು ಮಾಡಿದಳು. "ಪಾಪಿಕಾಕ್, ಅಲ್ಪವಿರಾಮ, ಅರ್ಥವಿಲ್ಲದ ಮಾತು, ಅರ್ಧವಿರಾಮ, ಮೆತ್ತನೆಯ ಸಗಣಿ ಎಂಬರ್ಥದ ಡಚ್ ಪದದಿಂದ ಬಂದಿರಬಹುದು, ಪೂರ್ಣವಿರಾಮ."

ತುತ್ತು ಅವನ ಬಾಯಿಯ ಹತ್ತಿರವೇ ನಿಂತಿತು.

"ಸಗಣಿನಾ?"

"ಮೆತ್ತನೇದು."

"ಇವತ್ತು ಮ್ಯಾನೇಜರ್ ಎದುರಿಗೇ ಅಂದ್ಬಿಟ್ಟೆನಲ್ಲೇ."

"ಅವ್ರಿಗೂ ಗೊತ್ತಿರಲ್ಲ ಬಿಡಿ. ಊಟ ಮಾಡಿ."

ಅವನು ತುತ್ತನ್ನು ತಟ್ಟೆಗೇ ಇಳಿಸಿದ. ಬೇಡ ಅನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಆ ಒಂದೇ ಪದ. ಅದು ಹೋದ ಮೇಲೆ ಹೇಳಿಕೊಳ್ಳುವಂಥ ಕಾರಣವೇನೂ ಉಳಿದಿರಲಿಲ್ಲ. ಇಷ್ಟಕ್ಕೇ ತಾನು ತಿಂಗಳುಗಟ್ಟಲೆ ಸುಮ್ಮನಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ನಗು ಬಂತು.

"ಮುಳುಗಿದ್ರೆ?" ಅಂದ ಕೊನೆಗೆ.

"ಮುಳುಗದ ಹಾಗೆ ಕಲಿಸೋದಕ್ಕೇ ಅಲ್ವಾ ಟೀಚರ್ ಇರೋದು. ಶನಿವಾರ ಹೆಸರು ಕೊಡ್ತೀನಿ, ಪೂರ್ಣವಿರಾಮ."

"ಅಲ್ಪವಿರಾಮ ಹಾಕೇ," ಅಂದ ಅವನು, ತುತ್ತನ್ನು ಬಾಯಿಗಿಡುತ್ತಾ. "ನಾನೂ ಬರ್ತೀನಿ. ದಡದಲ್ಲಿ ನಿನ್ನ ಬಟ್ಟೆ ಕಾಯೋಕೆ ಯಾರಾದ್ರೂ ಬೇಡ್ವಾ?"