ಹರಿಣಿ ಓಡಿಸಿದಾಗ ಮಾತ್ರ

"ಬಂತು! ಬಂತು! ಕೇಳಿಸ್ತಾ?" ಎಂದು ಚೆನ್ನರಾಯಪ್ಪ ಮೇಷ್ಟ್ರು ಕಾರಿನ ಹಿಂದಿನ ಸೀಟಿನಿಂದ ಕೂಗಿದರು. ಸೀಟಿನಿಂದ ಎನ್ನುವುದಕ್ಕಿಂತ ಸೀಟಿನ ಕೆಳಗಿನಿಂದ ಎಂದರೇ ಸರಿ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಆರಡಿ ಎತ್ತರದ ಮನುಷ್ಯ, ಕಾಲಿಡುವ ಜಾಗದಲ್ಲಿ ಮೈ ಮಡಚಿಕೊಂಡು ಮಲಗಿ, ಒಂದು ಕಿವಿಯನ್ನು ಮ್ಯಾಟಿಗೆ ಒತ್ತಿ ಇನ್ನೊಂದನ್ನು ಕೈಯಿಂದ ಮುಚ್ಚಿಕೊಂಡಿದ್ದರು.

"ಕೇಳಿಸ್ತು ಅಪ್ಪಾ. ಎಲ್ಲಿಂದ ಅಂತ ಹೇಳಿ," ಎಂದಳು ಮಗಳು ಹರಿಣಿ, ಸ್ಟಿಯರಿಂಗ್ ಬಿಡದೆ.

"ಕೆಳಗಿಂದಾನೂ ಬಂದಂಗೈತೆ, ಪಕ್ಕದಿಂದಾನೂ ಬಂದಂಗೈತೆ. ಇನ್ನೊಂದು ಹಳ್ಳಕ್ಕೆ ಇಳಿಸು, ನೋಡಣ."

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಹಳ್ಳಗಳಿಗೇನು ಬರ? ಹರಿಣಿ ಒಂದಕ್ಕೆ ಇಳಿಸಿದಳು. ಟಿಣ್. ಟಿಣ್‌ಟಿಣ್. ಸ್ಟೀಲ್ ಲೋಟಕ್ಕೆ ನಾಲ್ಕು ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗಿತ್ತು ಆ ಸದ್ದು. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಟ್ಟುಕೊಂಡು ಮೊಪೆಡ್ಡಿನಲ್ಲಿ ಬರುತ್ತಿದ್ದವನೊಬ್ಬ, ಹುಡುಗಿಯೊಬ್ಬಳೇ ಕಾರು ಓಡಿಸುತ್ತಿರುವುದನ್ನು ನೋಡಿ, ಒಳಗಿಂದ ಗಂಡಸಿನ ದನಿ "ಆಹಾ, ಭೇಷ್!" ಎನ್ನುವುದನ್ನು ಕೇಳಿ ಕತ್ತು ತಿರುಗಿಸಿದವನು ತಿರುಗಿಸಿದಂತೆಯೇ ಹೋದ.

ಕಾರು ನಿಂತರೆ ಸದ್ದೂ ನಿಲ್ಲುತ್ತಿತ್ತು. ಮೇಷ್ಟ್ರು ಓಡಿಸಿದರೆ ಬರುತ್ತಲೇ ಇರಲಿಲ್ಲ. ಹರಿಣಿ ಓಡಿಸಿದರೆ ಮಾತ್ರ ಟಿಣ್ ಟಿಣ್. ಅದೇ ಮೇಷ್ಟ್ರ ನಿದ್ದೆ ಕೆಡಿಸಿದ್ದು. ಸದ್ದಿಗೇನು ಓಡಿಸುವವರು ಗಂಡಸೋ ಹೆಂಗಸೋ ಅಂತ ಗೊತ್ತಾಗುತ್ತದೆಯೇ?

ಸೋಮವಾರದಿಂದ ಹರಿಣಿ ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಪಾಠ ಮಾಡಲು ಹೋಗಬೇಕಿತ್ತು. ಲೈಸೆನ್ಸ್ ಸಿಕ್ಕಿ ವರ್ಷವಾಗಿದ್ದರೂ ಅವಳು ಇದುವರೆಗೆ ಒಮ್ಮೆಯೂ ಒಬ್ಬಳೇ ಕಾರು ತೆಗೆದುಕೊಂಡು ಹೋದವಳಲ್ಲ. ಪಕ್ಕದಲ್ಲೋ ಹಿಂದೆಯೋ ಅಪ್ಪ ಇದ್ದೇ ಇರಬೇಕು. ಕೆಲಸ ಸಿಕ್ಕಿದ ದಿನ, "ಇನ್ನು ಮೇಲೆ ನಾನೇ ಹೋಗಿ ಬರ್ತೀನಿ" ಎಂದು ಹೇಳಿ ಅಪ್ಪನಿಂದ ಹೂಂ ಅನ್ನಿಸಿಕೊಂಡಿದ್ದಳು. ಎರಡು ದಿನ ಕಳೆಯುವಷ್ಟರಲ್ಲೇ ಈ ಸದ್ದು ಶುರುವಾಗಿತ್ತು. "ಏನು ಸದ್ದು ಅಂತ ಗೊತ್ತಾಗೋವರ್ಗೂ ನೀನು ಒಬ್ಳೇ ಹೋಗೋ ಹಂಗಿಲ್ಲ. ಬಸ್ಸಲ್ಲಿ ಹೋಗು," ಎಂದು ಮೇಷ್ಟ್ರು ತೀರ್ಪು ಕೊಟ್ಟುಬಿಟ್ಟರು.

ಕಾರೇನೂ ಹೊಸದಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಪುಟ್ಟ ಬಿಳಿ ಕಾರು. ಅದು ಮನೆಗೆ ಬಂದ ದಿನ ಬೀದಿಯವರೆಲ್ಲ ಪೂಜೆಗೆ ಕಾದು ನಿಂತಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣಿಲ್ಲ, ಬಾನೆಟ್ಟಿಗೆ ಕುಂಕುಮವಿಲ್ಲ, ಕುಂಬಳಕಾಯಿ ಒಡೆಯಲಿಲ್ಲ. ಮೇಷ್ಟ್ರು ಟೈರಿನ ಗಾಳಿ ನೋಡಿ, ಎಲ್ಲರ ಕೈಗೂ ಒಂದೊಂದು ಮೈಸೂರ್‌ಪಾಕು ಕೊಟ್ಟು, "ಬ್ರೇಕು ಹಿಡೀತೈತೆ. ಅದಕ್ಕಿಂತ ದೊಡ್ಡ ದೇವರು ಬೇಕಾ?" ಎಂದಿದ್ದರು. ಬೌದ್ಧರಾಗಿ ಎಷ್ಟೋ ವರ್ಷಗಳಾದ ಮನೆ ಅದು. ದಾರ, ತಾಯತ, ಯಂತ್ರ ಯಾವುದೂ ಹೊಸ್ತಿಲು ದಾಟುವಂತಿರಲಿಲ್ಲ. ದೊಡ್ಡ ಮಗ ಸುನೀಲ್ ಕೂಸಾಗಿದ್ದಾಗ ಜ್ವರ ಬಂದು, ಅಜ್ಜಿ ತೋಳಿಗೆ ತಾಯತ ಕಟ್ಟಿದ್ದು, ಮೇಷ್ಟ್ರು ಅದನ್ನು ಕಿತ್ತೆಸೆದು ಮಾತ್ರೆ ಕೊಟ್ಟಿದ್ದು, ಬೆಳಗಾಗುವಷ್ಟರಲ್ಲಿ ಜ್ವರ ಇಳಿದದ್ದು, ಈ ಕತೆಯನ್ನು ಅವರು ಚಿಂತಾಮಣಿಯಲ್ಲಿ ಹೇಳದೆ ಬಿಟ್ಟ ಜನ ಕಡಿಮೆ. ಹೇಳುವಾಗೆಲ್ಲ ಹೆಂಡತಿ ಗಂಗುಲಮ್ಮ ಪಕ್ಕದಲ್ಲೇ ಇರುತ್ತಿದ್ದರು. ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು.

ಸದ್ದಿನ ವಿಷಯದಲ್ಲಿ ಮೊದಲು ಸಿಕ್ಕಿಬಿದ್ದದ್ದು ಬುದ್ಧ. ಡ್ಯಾಶ್‌ಬೋರ್ಡಿನ ಮೇಲೆ ಕೂತಿದ್ದ ಗೇಣುದ್ದದ ಪಿಂಗಾಣಿ ಬುದ್ಧನನ್ನು ಮೇಷ್ಟ್ರು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಹರಿಣಿಯ ಕೈಲಿ ಕಾರು ಓಡಿಸಿಕೊಂಡು ಒಂದು ಸುತ್ತು ಹೋಗಿಬಂದರು. ಸದ್ದು ನಿಲ್ಲಲಿಲ್ಲ. ಬುದ್ಧ ನಿರಪರಾಧಿ ಎಂದಾಯಿತು. ಆಮೇಲೆ ಸ್ಟೆಪ್ನಿ ಇಳಿಯಿತು, ಜಾಕ್ ಇಳಿಯಿತು, ಬಾಗಿಲಿನ ಪಾಕೆಟ್ಟಿನಿಂದ ಬಾಚಣಿಗೆ, ಹಳೆಯ ಟಾರ್ಚು, ಒಣಗಿದ ನೆಲ್ಲಿಕಾಯಿ ಇಳಿದವು. ಸದ್ದು ಮಾತ್ರ ಇಳಿಯಲಿಲ್ಲ.

ಬೆಂಗಳೂರು ರಸ್ತೆಯ ಮೆಕ್ಯಾನಿಕ್ ನಲ್ಲಪ್ಪನ ಹತ್ತಿರ ಹೋದರು. ನಲ್ಲಪ್ಪ ಕಾರನ್ನು ಮಾರ್ಕೆಟ್ಟಿನ ಟೊಮೇಟೊ ಲಾರಿಗಳ ಮಧ್ಯೆ ಒಂದು ಸುತ್ತು ಹೊಡೆಸಿ ಬಂದು, "ಏಮಿ ಸಾರ್, ಬಂಡಿ ಬೆಣ್ಣೆ ಇದ್ದಂಗೈತೆ. ಯಾವ ಸದ್ದೂ ಲೇದು," ಎಂದ.

"ಅಮ್ಮಾಯಿ ಓಡಿಸಿದ್ರೆ ಬರ್ತೈತೆ ಕಣಯ್ಯಾ."

ನಲ್ಲಪ್ಪ ಹರಿಣಿಯನ್ನು ಒಮ್ಮೆ ನೋಡಿ, ಮೇಷ್ಟ್ರನ್ನು ಒಮ್ಮೆ ನೋಡಿ, ನಗು ನುಂಗಿಕೊಂಡ. "ಕ್ಲಚ್ಚು ಕೊಂಚ ಮೆತ್ತಗೆ ಬಿಡಬೇಕಮ್ಮ," ಎಂದ. ಹರಿಣಿಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವಳೇ ಕೀಲಿಯನ್ನು ಟಿವಿಯ ಮೇಲೆ ಎಸೆದಳು. "ಅಪ್ಪಾ, ಒಂದ್ಮಾತು ಹೇಳ್ಲಾ? ನಿಮಗೆ ಆ ಸದ್ದು ಸಿಗೋದು ಬೇಕಾಗಿಲ್ಲ. ಸಿಕ್ಕಿದ್ರೆ ನನ್ನನ್ನ ಕಳಿಸ್ಬೇಕಲ್ಲ. ನಿಮಗೆ ಭಯ. ಭಯ ಅಂತ ಬಾಯಿಬಿಟ್ಟು ಹೇಳಿ, ಕಾರ್ ಮೇಲೆ ಯಾಕೆ ಹಾಕ್ತೀರ?"

"ಭಯಾನಾ? ನನಗಾ? ಕಾರಣ ಇಲ್ದೆ ಕಾರ್ಯ ಇಲ್ಲಮ್ಮ. ಕಾರಣ ಗೊತ್ತಾಗ್ದೆ ಬಿಡು ಅಂದ್ರೆ ಹೆಂಗೆ?"

ಅಡಿಗೆಮನೆಯಿಂದ ಗಂಗುಲಮ್ಮ ಕೂಗಿದರು. "ಸಾಕು ಬಿಡಿ ಅತ್ಲಾಗೆ! ಕಾರು ಅಂದ್ಮೇಲೆ ಸದ್ದು ಮಾಡ್ದೆ ಇರ್ತದಾ? ಈ ಮನೇಲಿ ನೀವೊಬ್ರೇ ಮಾಡ್ಬೇಕಾ ಸದ್ದು?"

ಭಾನುವಾರ ಮಧ್ಯಾಹ್ನ, ಹರಿಣಿ ಕಾರನ್ನು ನೆರಳಿಗೆ ನಿಲ್ಲಿಸುತ್ತೇನೆಂದು ಹತ್ತಿ ಕೂತಳು. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಹಿಡಿದಿದ್ದರು. ಅವಳು ಸೀಟಿನ ಕೆಳಗಿನ ಕಂಬಿ ಎತ್ತಿ ಮೈ ಮುಂದಕ್ಕೆ ನೂಕಿದಳು. ಕಟಕ್ ಎಂದು ಸೀಟು ಮುಂದಕ್ಕೆ ಜರುಗಿತು. ಅವಳು ಅಮ್ಮನ ಹಾಗೆ ಗಿಡ್ಡ, ಕಾರು ಹತ್ತಿದಾಗೆಲ್ಲ ಮೊದಲು ಮಾಡುವ ಕೆಲಸವೇ ಅದು. ಮೇಷ್ಟ್ರು ಪೇಪರ್ ಕೆಳಗಿಟ್ಟರು. ತಾವು ಓಡಿಸುವಾಗ ಸೀಟು ಹಿಂದೆ. ನಲ್ಲಪ್ಪನೂ ಉದ್ದದ ಆಸಾಮಿ, ಅವನೂ ಸೀಟು ಮುಟ್ಟಿರಲಿಲ್ಲ.

"ಇಳಿ! ಇಳಿ! ಸೀಟು ಮುಟ್ಟಬೇಡ, ಹಂಗೇ ಬಿಡು!" ಎನ್ನುತ್ತ ಚಪ್ಪಲಿಯನ್ನೂ ಹಾಕದೆ ಓಡಿಬಂದರು.

ಗಿಡ್ಡ ಮಗಳ ಅಳತೆಯ ಸೀಟಿನಲ್ಲಿ ಆರಡಿ ಮೇಷ್ಟ್ರು ಕೂರುವುದೆಂದರೆ ಸಾಮಾನ್ಯವೇ? ಮೊಳಕಾಲು ಎರಡೂ ಸ್ಟಿಯರಿಂಗಿನ ಅಕ್ಕಪಕ್ಕ ಕಿವಿಯವರೆಗೆ ಬಂದವು. ಎದೆ ಹಾರ್ನಿಗೆ ತಗುಲಿತು. ಹೊರಟರು. ಹಳ್ಳ ಬಂದಾಗೆಲ್ಲ ಕಾರು ತಾನಾಗಿ ಪೀಂ ಎನ್ನುತ್ತಿತ್ತು. ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಾಗಿಲಿಗೆ ಬಂದರು. ಹರಿಣಿ ಕಾಂಪೌಂಡಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾಟರ್ ಟ್ಯಾಂಕ್ ಸುತ್ತಿಕೊಂಡು ಕಾರು ವಾಪಸ್ ಬಂದಾಗ ಕಿಟಕಿಯಿಂದ ಮೇಷ್ಟ್ರ ಕೈ ಹೊರಗಿತ್ತು.

"ಬಂತು! ನಾನು ಓಡಿಸಿದ್ರೂ ಬಂತು ಕಣೇ! ನಿನ್ ತಪ್ಪಲ್ಲ, ಸೀಟಿಂದು!"

ನಗು ನಿಂತು ಹರಿಣಿಯ ಕಣ್ಣಲ್ಲಿ ನೀರೇ ಬಂತು. "ನಲ್ಲಪ್ಪನಿಗೂ ಹೋಗಿ ಹೇಳ್ಬೇಕು ಅಪ್ಪಾ," ಎಂದಳು.

ಅಷ್ಟರಲ್ಲಿ ಗಂಗುಲಮ್ಮ ಬಾಗಿಲಿಗೆ ಬಂದಿದ್ದರು. ಗಂಡ ಕಾರಿನಿಂದಿಳಿದು, ಮಣ್ಣಿನಲ್ಲಿ ಮೊಳಕಾಲೂರಿ, ಸೀಟಿನ ಕೆಳಗೆ ಕೈ ಹಾಕುತ್ತಿರುವುದನ್ನು ಕಂಡು ಅವರ ಮುಖದ ಬಣ್ಣವೇ ಹೋಯಿತು. "ಅಲ್ಲಿಗ್ಯಾಕೆ ಕೈ ಹಾಕ್ತೀರ, ಚೇಳು ಗೀಳು ಇದ್ದಾತು!" ಎಂದರು. ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. "ಹರಿಣೀ, ಬಾಮ್ಮ ಒಳಗೆ, ಹಪ್ಪಳ ಕರಿಯೋದೈತೆ," ಎಂದು ಮಗಳನ್ನು ಕೈಹಿಡಿದು ಎಳೆದುಕೊಂಡೇ ಹೋದರು.

ಮೇಷ್ಟ್ರ ಬೆರಳಿಗೆ ಏನೋ ತಣ್ಣಗೆ ತಗುಲಿತು. ಕತ್ತು ಬಗ್ಗಿಸಿ ನೋಡಿದರು. ಸೀಟಿನ ಸ್ಪ್ರಿಂಗಿಗೆ ಹಸಿರು ದಾರದಲ್ಲಿ ಕಟ್ಟಿದ ತಗಡಿನ ತಾಯತವೊಂದು ನೇತಾಡುತ್ತಿತ್ತು. ಸೀಟು ಹಿಂದಿದ್ದರೆ ಅದು ಮ್ಯಾಟಿನ ಉಬ್ಬಿನ ಮೇಲೆ ಮೆತ್ತಗೆ ಕೂತಿರುತ್ತಿತ್ತು. ಮುಂದೆ ಎಳೆದರೆ ಕಬ್ಬಿಣದ ಕಂಬಿಯ ಪಕ್ಕಕ್ಕೆ ಬಂದು ಟಿಣ್ ಎನ್ನುತ್ತಿತ್ತು.

ಮುರುಗಮಲ್ಲದ ದರ್ಗಾದ ತಾಯತ. ಚಿಂತಾಮಣಿಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಗುರುತಿಸಲು ಕಷ್ಟವಿಲ್ಲ. ಹಿಂದಿನ ವಾರ ಗಂಗುಲಮ್ಮ ಮುರುಗಮಲ್ಲದಲ್ಲಿರುವ ತಂಗಿ ಓಬಳಮ್ಮನನ್ನು ನೋಡಿಕೊಂಡು ಬರ್ತೀನಿ ಎಂದಿದ್ದರು. ಬಸ್ಸು ಹತ್ತಿಸಿ, ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟವರು ಸ್ವತಃ ಮೇಷ್ಟ್ರೇ.

ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ನನ್ನ ಜೊತೆ ಬಾಳಿ ಕಲಿತದ್ದು ಇದೇನಾ? ಊರಿಗೆಲ್ಲ ನಾನು ಬುದ್ಧಿ ಹೇಳಿಕೊಂಡು ತಿರುಗುವುದು, ನನ್ನ ಕಾರಿನ ಹೊಟ್ಟೆಯೊಳಗೇ ಇದು! "ಗಂಗೂ!" ಎಂದು ಕೂಗಲು ಬಾಯಿ ತೆರೆದರು. ದಾರವನ್ನು ಕೀಳಲು ಎಳೆದರು. ಬರಲಿಲ್ಲ. ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಗಂಟು. ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಮಂಡಿನೋವಿನ ಹೆಂಗಸು ಇಲ್ಲಿ ಹೇಗೆ ಬಗ್ಗಿದಳು? ಯಾವಾಗ ಬಗ್ಗಿದಳು? ತಾವು ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದಾಗಲೇ ಇರಬೇಕು.

ಅಲ್ಲೇ ಮಣ್ಣಿನಲ್ಲಿ ಕೂತರು. ಮಗಳು ಹೋಗಲಿ ಎಂದು ಒಂದು ಮಾತೂ ಆಡದೆ ದಾರ ಕಟ್ಟಿದವಳು ಅವಳು. ಹೋಗದಂತೆ ದಿನಕ್ಕೊಂದು ಕಾರಣ ಹುಡುಕಿದವನು ನಾನು. ಪ್ರತಿ ಸಲ ಟಿಣ್ ಎಂದಾಗಲೂ ತಮ್ಮ ಕಣ್ಣಿಗೆ ಕಾಣುತ್ತಿದ್ದದ್ದು ಕಳಚಿ ಹೋದ ಚಕ್ರ, ಮೋರಿಗೆ ಬಿದ್ದ ಬಿಳಿ ಕಾರು. ಹೌದು, ಭಯವೇ. ಮಗಳು ಹೇಳಿದ್ದು ನಿಜ. ಒಬ್ಬರೇ ಇದ್ದುದರಿಂದ ಒಪ್ಪಿಕೊಳ್ಳಲು ಅಷ್ಟು ಕಷ್ಟವಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಶೆಡ್ಡಿಗೆ ಹೋಗಿ ಏನೇನೋ ಹುಡುಕಿಕೊಂಡು ಬಂದು ಮತ್ತೆ ಕಾರಿನೊಳಗೆ ತಲೆ ತೂರಿಸಿದರು. ಹಪ್ಪಳ ತಣ್ಣಗಾದ ಮೇಲೆ ಊಟಕ್ಕೆ ಬಂದರು. "ಸರಿಹೋಯ್ತು," ಎಂದಷ್ಟೇ ಹೇಳಿದರು. ಹರಿಣಿ ಏನೆಂದು ಕೇಳಿದ್ದಕ್ಕೆ, "ನಟ್ಟು," ಎಂದರು. ಗಂಗುಲಮ್ಮ ತಟ್ಟೆಗೆ ಬಡಿಸುತ್ತಿದ್ದ ಸಾರು ನೆಲಕ್ಕೆ ಚೆಲ್ಲಿತು.

ಸೋಮವಾರ ಬೆಳಿಗ್ಗೆ ಹರಿಣಿ ಇಸ್ತ್ರಿ ಮಾಡಿದ ಸೀರೆಯುಟ್ಟು ಕಾರು ಹತ್ತಿದಳು. ಸೀಟು ಮುಂದಕ್ಕೆಳೆದಳು. ಮುಂದಕ್ಕೂ ಹಿಂದಕ್ಕೂ ಒಮ್ಮೆ ಓಡಿಸಿ ನೋಡಿದಳು. ಸದ್ದಿಲ್ಲ.

"ನೀವು ಬರಲ್ವಾ ಅಪ್ಪಾ?" ಎಂದಳು, ನಂಬಿಕೆಯಾಗದೆ.

"ನಾನ್ಯಾಕೆ? ಸದ್ದು ಸಿಕ್ತಲ್ಲ. ಹುಷಾರಾಗಿ ಹೋಗ್ಬಾ. ತಲುಪಿದ್ಮೇಲೆ ಒಂದು ಫೋನ್ ಹಾಕಮ್ಮ." ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

ಹರಿಣಿ ನಗುತ್ತ ಕೈ ಬೀಸಿದಳು. ಕಾರು ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಯಿತು. ಗಂಗುಲಮ್ಮ ಗಂಡನ ಮುಖ ನೋಡದೆ, ರಸ್ತೆ ನೋಡುತ್ತಲೇ ಕೇಳಿದರು.

"ಆ ನಟ್ಟು... ತೆಗ್ದು ಎಸೆದ್ಬಿಟ್ರಾ?"

"ಎಸೆದ್ರೆ ಹೆಂಗೆ? ಅಲ್ಲೇ ಐತೆ. ಹಳೇ ಪಂಚೆ ಹರಿದು ಬಟ್ಟೆ ಸುತ್ತಿದೀನಿ. ಮೇಲೆ ತಂತಿ ಹಾಕಿ ಬಿಗಿ ಮಾಡಿದೀನಿ. ಇನ್ನ ಬಿಚ್ಚಲ್ಲ ಬಿಡು."

ನಟ್ಟಿಗೆ ಯಾರಾದರೂ ಬಟ್ಟೆ ಸುತ್ತುತ್ತಾರೆಯೇ ಎಂದು ಗಂಗುಲಮ್ಮ ಕೇಳಲಿಲ್ಲ. ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡರು. "ಕಾಫಿ ಇಡ್ಲಾ?" ಎಂದರು.

"ಅವಳು ಫೋನ್ ಮಾಡ್ಲಿ ತಡಿ."

ಹಾಲಿನ ಕ್ಯಾನುಗಳ ಗಾಡಿಯೊಂದು ಹಾದುಹೋಯಿತು. ಮತ್ತೆ ರಸ್ತೆ ಖಾಲಿಯಾಯಿತು. ಇಬ್ಬರೂ ಗೇಟು ಹಿಡಿದುಕೊಂಡು ಅಲ್ಲೇ ನಿಂತಿದ್ದರು.