ನಂಬರ್ ಹೇಳದ ಮಷೀನು

ನಮ್ಮತ್ತೆ ಹಾಲಮ್ಮನ ಬಾಯಲ್ಲಿ 'ಲೋ' ಎನ್ನಿಸಿಕೊಳ್ಳದ ಗಂಡುಪ್ರಾಣಿ ತೊಗರ್ಸಿ ಸುತ್ತಮುತ್ತ ಇಲ್ಲ. ಮಗನಿಗೂ ಲೋ, ಟಗರಿಗೂ ಲೋ, ಓಟು ಕೇಳಲು ಬಂದ ಪಂಚಾಯ್ತಿ ಮೆಂಬರಿಗೂ ಲೋ. ಗಂಡ ಸಣ್ಣಬೀರಪ್ಪನಿಗೆ ಮಾತ್ರ 'ಏನ್ರೀ'. ನಮ್ಮ ಮಾವನನ್ನು ಬೇರೆ ಯಾರಾದರೂ ಏಕವಚನದಲ್ಲಿ ಕರೆದರೋ, ಅವರ ಜನ್ಮ ಜಾಲಾಡಿಬಿಡುತ್ತಿದ್ದರು.

ಮಾವನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಆಗಲೇಬೇಕು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿದರೆ ಸಕ್ಕರೆ ಎಷ್ಟಿದೆ ಎಂದು ಹೇಳುವ ಮಷೀನನ್ನು ನನ್ನ ಗಂಡ ತಂದಿಟ್ಟಿದ್ದ. ಗಂಡನ ಹೆಸರು ಹೇಳಬಾರದು ಅಂತಾರೆ ಅತ್ತೆ. ನಾನು ಹೇಳುತ್ತೇನೆ, ಯತೀಶ. ತಾಯಿಗೆ ಓದಲು ಬರುವುದಿಲ್ಲವೆಂದು ಮಾತಾಡುವ ಮಷೀನನ್ನೇ ಹುಡುಕಿ ತರಿಸಿದ್ದ. ಅದು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಕುರಿ ವ್ಯಾಪಾರದಲ್ಲಿ ಪಳಗಿದ ಅತ್ತೆಗೆ ಒನ್ ಫಿಫ್ಟಿ, ಟೂ ಹಂಡ್ರೆಡ್ ಎಲ್ಲ ನೀರು ಕುಡಿದಷ್ಟು ಸಲೀಸು.

ಯುಗಾದಿಗೆ ಮಾವ ಕದ್ದು ಹೋಳಿಗೆ ತಿಂದು ಮಂಕಾಗಿ ಬಿದ್ದುಕೊಂಡಾಗ ಮಷೀನು ನಂಬರ್ ಹೇಳಲಿಲ್ಲ, 'ಹೈ' ಎಂದಿತು. ಡಾಕ್ಟರನ್ನು ಕೇಳಿ ಇನ್ನೊಂದು ಸೂಜಿ ಹಾಕಿದೆವು. ಸಂಜೆಗೆ ಎದ್ದು ಕೂತು ಟೀ ಕೇಳಿದರು.

"ನಂಬರ್ ಹೇಳ್ಲಿಲ್ಲ ಅಂದ್ರೆ ಸಕ್ಕರೆ ಅಳತೆ ಮೀರೈತಿ ಅಂತ ಅರ್ಥ ಕಣವ್ವ," ಎಂದು ಯತೀಶ ಅವತ್ತು ತಾಯಿಗೆ ಪಾಠ ಹೇಳಿದ. ಹೇಳಿದ್ದು ಅರ್ಧ ಪಾಠ. ಸಕ್ಕರೆ ತೀರಾ ಇಳಿದುಹೋದರೂ ಅದು ನಂಬರ್ ಹೇಳುವುದಿಲ್ಲ ಎನ್ನುವುದು ಅವನಿಗೂ ತಿಳಿದಿರಲಿಲ್ಲ.

ಕೊಯ್ಲು ಮುಗಿದ ಕಾಲ. ತಂಗಿಯ ಬಾಣಂತನಕ್ಕೆಂದು ನಾನು ತವರೂರು ಉಳವಿಗೆ ಹೋಗಿದ್ದೆ. ಯತೀಶ ಕುರಿ ಹೊಡೆದುಕೊಂಡು ಅಂಜನಾಪುರದ ಕಡೆ ಗದ್ದೆಗಳಲ್ಲಿದ್ದ. ಮಾವನಿಗೆ ವಾಂತಿ ಶುರುವಾಗಿ ಒಂದು ತುತ್ತೂ ಒಳಗೆ ನಿಂತಿರಲಿಲ್ಲ. ಆದರೂ ಬೆಳಗಿನ ಸೂಜಿ ಮಾತ್ರ ತಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವೆತು ಏನೇನೋ ತೊದಲತೊಡಗಿದರು. ಅತ್ತೆ ಬೆರಳು ಚುಚ್ಚಿ ನೋಡಿ, ಮಗನಿಗೆ ಫೋನು ಹಚ್ಚಿದರು. ಆ ಮಾತುಕತೆಯನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ್ದೇನೆ.

"ನಿಮ್ಮಪ್ಪ ಮಂಕಾಗ್ಯಾರ ಕಣೋ. ಮಷೀನು ನಂಬರ್ ಹೇಳವಲ್ದು."

"ಮತ್ತೇನ್ ಅಂತೈತಿ?"

"ಲೋ."

"ಹಾಂ, ಹೇಳವ್ವ, ಕೇಳಿಸ್ತೈತಿ."

"ಲೋ ಅಂತ ಕಣೋ!"

"ಕೂಗಬ್ಯಾಡ ಮಾರಾಯ್ತಿ, ಕೇಳಿಸ್ತೈತಿ ಅಂದ್ನಲ್ಲ. ನಂಬರ್ ಬಂದಿಲ್ಲ ಹೌದಲ್ಲ? ಹೋದ್ಸಲದಂಗೇ ಇನ್ನೊಂದು ಸೂಜಿ ಹಾಕು, ಮಲಗಿಸು."

ಕುರಿಗಳ ಅರಚಾಟದ ನಡುವೆ, ತಾಯಿ ಎಂದಿನಂತೆ ತನ್ನನ್ನು ಕರೆಯುತ್ತಿದ್ದಾಳೆ ಅಂದುಕೊಂಡ. ಹುಟ್ಟಿದಾಗಿನಿಂದ ಕೇಳಿದ ಕರೆ. ಯಾವ ಮಗ ತಾನೆ ಬೇರೆ ಅರ್ಥ ಹುಡುಕುತ್ತಾನೆ?

ಅತ್ತೆ ಸೂಜಿ ಹಾಕಿದರು. ತೊದಲುವುದು ನಿಂತಿತು. ಔಷಧಿ ಹಿಡಿಯಿತು, ನಿದ್ದೆ ಬಂತು ಎಂದು ಕಂಬಳಿ ಹೊದಿಸಿ ಅಡುಗೆಮನೆಗೆ ಹೋದರು.

ಮಧ್ಯಾಹ್ನ ನಾನು ತವರಿನಿಂದ ವಾಪಸಾಗಿ ಬಸ್ಸಿಳಿದು ಬಂದು ನೋಡಿದರೆ ಬೆವರಿಗೆ ಕಂಬಳಿಯೇ ಒದ್ದೆ. ಕರೆದರೆ ಓಗೊಡಲಿಲ್ಲ, ಅಲುಗಾಡಿಸಿದರೆ ತಲೆ ವಾಲಿತು. "ಮಲಗ್ಲಿ ಬಿಡೇ," ಎಂದರು ಅತ್ತೆ. "ನಿಮ್ ತಲೆ! ಇದು ನಿದ್ದೆ ಅಲ್ಲ ಅತ್ತೆ!" ಎಂದು ಕಿರುಚಿ, ಪಕ್ಕದ ಕೆಂಪಪ್ಪನ ಓಮ್ನಿಯಲ್ಲಿ ಹಾಕಿಕೊಂಡು ಶಿಕಾರಿಪುರಕ್ಕೆ ಓಡಿದೆ. ಮಗನನ್ನು ಕೇಳಿ ಇನ್ನೊಂದು ಸೂಜಿ ಹಾಕಿದ್ದನ್ನು ಅತ್ತೆ ದಾರಿಯಲ್ಲಿ ಹೇಳಿದರು. ನಾನು ಫೋನು ಮಾಡಿದ್ದಕ್ಕೆ ಯತೀಶ ಬೈಕಿನಲ್ಲಿ ಸೀದಾ ಆಸ್ಪತ್ರೆಗೇ ಬಂದ.

ಮಂಚದ ಮೇಲೆ ಮಲಗಿಸುತ್ತಲೇ ನರ್ಸು ಅಂಗೈಯಗಲದ ಮಷೀನು ತಂದು ಮಾವನ ಬೆರಳು ಚುಚ್ಚಿದರು. "ಮೇಡಂ, ಲೋ ಬರ್ತಿದೆ!" ಎಂದು ಕೂಗಿದರು.

ಅತ್ತೆ ನನ್ನ ತೋಳು ತಿವಿದರು. "ನೋಡೇ ರೋಜಾ, ಈ ಊರ ಮಷೀನೂ ಅಂಗೇ ಅಂತೈತಿ. ಮನ್ಯಾಗೂ ಲೋ ಲೋ ಅಂತು. ಹಿರೇರು ಅನ್ನೋ ಮರ್ಯಾದಿ ಬ್ಯಾಡೇನ್ ಅದಕ್ಕ?"

ಯತೀಶ ತಾಯಿಯ ಮುಖ ನೋಡಿದ. ಅವನಿಗೆ ಆಗ ತಿಳಿಯಿತು. ನನಗೂ ತಿಳಿಯಿತು. ಲೋ ಅಂದರೆ ಸಕ್ಕರೆ ಪಾತಾಳಕ್ಕಿಳಿದಿದೆ ಅಂತ. ಒಂದು ಲೋಟ ಬೆಲ್ಲದ ನೀರು ಕುಡಿಸಬೇಕಾಗಿದ್ದ ಹೊತ್ತಿನಲ್ಲಿ, ಇದ್ದಬದ್ದ ಸಕ್ಕರೆಯನ್ನೂ ಇಳಿಸುವ ಸೂಜಿ ಹಾಕಿಸಿದ್ದೆವು. ಅಯ್ಯೋ ದೇವರೇ, ಮನೆಯಲ್ಲಿ ಬೆಲ್ಲಕ್ಕೇನು ಬರವಿತ್ತೇ?

ಡಾಕ್ಟರಮ್ಮ ಗ್ಲೂಕೋಸ್ ಏರಿಸಿದರು. ಮಾವ ಕಣ್ಣು ಬಿಡಲಿಲ್ಲ. ಬೆಳಿಗ್ಗೆ ಎರಡು ಸೂಜಿ ಬಿದ್ದಿದ್ದನ್ನು ನಾನು ಹೇಳಿದೆ. "ಇವರಿಗೆ ಇನ್ಸುಲಿನ್ ಮತ್ತೆ ಹಾಕಿದ್ದು ಯಾರು?" ಎಂದು ಡಾಕ್ಟರಮ್ಮ ಕೇಳಿದರು.

"ನಾನ್ರೀ," ಎಂದ ಯತೀಶ. "ನಾನೇ ಹಾಕಿದ್ದು."

"ಏ, ಸುಳ್ ಹೇಳಬ್ಯಾಡ!" ಅತ್ತೆ ಮುಂದೆ ಬಂದರು. "ಇವ ಕುರಿ ಹತ್ರ ಇದ್ದ ಕಣ್ರೀ. ಹಾಕಿದ್ದು ನಾನು. ಕೈ ಒಂಚೂರೂ ನಡುಗ್ಲಿಲ್ಲ. ಬ್ಯಾಗ ವಾಸಿ ಆಗ್ಲಿ ಅಂತ ಒಂದ್ಗೆರೆ ಜಾಸ್ತೀನೇ ಹಾಕಿದ್ದೀನಿ."

ಡಾಕ್ಟರಮ್ಮ ಬಾಯಿ ತೆರೆದರು. ನಾನು ಅತ್ತೆಯ ಬೆನ್ನ ಹಿಂದಿನಿಂದ ಕೈ ಮುಗಿದೆ. ಅವರು ಮಂಚದ ಕಡೆ ತಿರುಗಿದರು.

ಸಂಜೆಯೊಳಗೆ ಮಾವ ಹೋದರು.

ಹಾಲು-ತುಪ್ಪ ಬಿಡುವ ದಿನ ಮನೆ ತುಂಬ ನೆಂಟರು. ಅತ್ತೆಯ ಬಳಿ ಕೂತು ಈಶ್ವರಮ್ಮ ಎನ್ನುವ ದೂರದ ಸಂಬಂಧಿಯೊಬ್ಬರು, ಮನೆಯಲ್ಲೇ ಏನಾದರೂ ಔಷಧಿ ಮಾಡಬೇಕಿತ್ತು ಎಂದು ರಾಗ ಎಳೆದರು. ನನಗೆ ಮೈ ಉರಿಯಿತು. ಅತ್ತೆ ಮಾತ್ರ ಅಳು ನಿಲ್ಲಿಸಿ, ಕಣ್ಣೊರೆಸಿಕೊಂಡು, ನೆಟ್ಟಗೆ ಕೂತರು.

"ಮಾಡ್ದೆ ಬಿಟ್ಟಿಲ್ಲ ತಾಯಿ. ನನ್ ಕೈಲಿ ಆಗೋದೆಲ್ಲ ಮಾಡಿದ್ದೀನಿ. ಸುಮ್ಸುಮ್ನೆ ಅಲ್ಲ, ಮಗನ್ನ ಕೇಳೇ ಸೂಜಿ ಹಾಕಿದ್ದು." ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ಮಗನ ಕಡೆ ತಿರುಗಿದರು. "ಹೌದಲ್ಲೇನೋ? ನೀನೇ ಹೇಳಿದ್ಯಲ್ಲ?"

ಎಲ್ಲರೂ ಅವನನ್ನೇ ನೋಡಿದರು.

"ಹೂಂ ಕಣವ್ವ," ಎಂದ ಯತೀಶ. "ನಾನೇ ಹೇಳಿದ್ದು."