ಉಣ್ಣೆಯ ಕುಲಾವಿ

ನಾನು ಒಂದು ಹಾರ್ಡ್ ಡಿಸ್ಕ್. ಧೂಳಿನ ಒಂದು ಕಣಕ್ಕೂ ಪ್ರವೇಶವಿಲ್ಲದ ಕೋಣೆಯಲ್ಲಿ ಹುಟ್ಟಿದವನು. ನನ್ನನ್ನು ಜೋಡಿಸಿದವರು ನೆತ್ತಿಯಿಂದ ಪಾದದವರೆಗೆ ಬಿಳಿ ಬಟ್ಟೆ ತೊಟ್ಟಿದ್ದರು. ಅವರ ಉಸಿರು ಕೂಡ ನನಗೆ ತಾಗಲಿಲ್ಲ. ಅಂಥ ಮಡಿಯಲ್ಲಿ ಹುಟ್ಟಿ, ಬಳ್ಳಾರಿಯ ಒಂದು ಮನೆಯ ಅಡುಗೆಕೋಣೆಯ ಮೂಲೆಗೆ ಬಂದು ಬಿದ್ದೆ.

ಯಜಮಾನರು ಪಂಪಾಪತಿ, ನಿವೃತ್ತ ಡ್ರಾಯಿಂಗ್ ಮಾಸ್ತರು. ಹಳೆಯ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ನನ್ನನ್ನು ಕೂರಿಸಿ ಮನೆಗೊಂದು ಸರ್ವರ್ ಮಾಡಿದರು. ಹಗಲಿರುಳು ತಿರುಗುತ್ತ ಮನೆಯವರ ಫೋನುಗಳಿಗೆ ಹಾಡು, ಚಿತ್ರ ಒದಗಿಸುವುದು ನನ್ನ ಕೆಲಸ. ನನ್ನೊಳಗಿನ ದೊಡ್ಡ ಆಸ್ತಿಯೆಂದರೆ ಮಾಸ್ತರ ಅಕ್ಕ ಹಂಪವ್ವ ಹಾಡಿದ ನಲವತ್ತೊಂದು ಬೀಸುಕಲ್ಲಿನ ಪದಗಳು. ಅವನ್ನು ಧ್ವನಿಮುದ್ರಿಸಿದ ಮರುವರ್ಷವೇ ಗಂಟಲಿನ ಆಪರೇಷನ್ ಆಗಿ ಹಂಪವ್ವನ ದನಿ ಹೋಯಿತು. ಆಮೇಲೆ ಆ ದನಿ ಉಳಿದದ್ದು ನನ್ನಲ್ಲಿ ಮಾತ್ರ.

ಆದರೆ ನನ್ನ ಬಾಳೋ, ಬರೀ ಹೇಸಿಗೆ. ಒಗ್ಗರಣೆಯ ಹೊಗೆ, ಮೆಣಸಿನಕಾಯಿ ಕರಿದ ಎಣ್ಣೆಯ ಜಿಡ್ಡು, ಜಿಡ್ಡಿನ ಮೇಲೆ ಊರಿನ ಕೆಂಧೂಳು. ಪೆಟ್ಟಿಗೆಯ ಫ್ಯಾನಿಗೆ ತಲೆಗೂದಲು ಸುತ್ತಿಕೊಂಡಿತು. ಜಿರಳೆಯೊಂದು ನನ್ನ ಬೆನ್ನಿನ ಬಿಸಿಗೆ ಒಲಿದು ಮೊಟ್ಟೆಯಿಟ್ಟಿತು. ಆಯುಧಪೂಜೆಗೆ ಗಾಳಿಕಿಂಡಿಯ ಮೇಲೆಯೇ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಹೂವು ಅಲ್ಲೇ ಕೊಳೆಯಿತು. ಇದೂ ಸಾಲದೆಂದು ಮಾಸ್ತರ ಹೆಂಡತಿ ಸರ್ವಮಂಗಳಮ್ಮ ಉಣ್ಣೆಯ ಕವರ್ ಹೆಣೆದು ಹೊದಿಸಿದರು. ಅಂಚಿಗೆ ಗುಲಾಬಿ ಹೂಗಳನ್ನೂ ಹೆಣೆದಿದ್ದರು, ಪಾಪ. ಬಳ್ಳಾರಿಯ ಮೇ ತಿಂಗಳಲ್ಲಿ ನನಗೆ ಉಣ್ಣೆ.

‘ಡಿಸ್ಕ್ ಬಿಸಿಯಾಗಿದೆ’ ಎಂದು ಮಾಸ್ತರ ಫೋನಿಗೆ ಸಂದೇಶ ಹೋಗುತ್ತಿತ್ತು. “ಬಳ್ಳಾರ್ಯಾಗ ಬಿಸಿ ಆಗದಿರೋದು ಯಾವುದೈತಿ?” ಎಂದು ಅವರು ಅಳಿಸಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಕಟಕಟ ಎಂದು ಹಲ್ಲು ಕಡಿದು ನಿಂತುಬಿಟ್ಟೆ. ರಿಪೇರಿ ಅಂಗಡಿಯ ಶಾಹೀನಾ ಬಂದು, ಕವರ್ ಎತ್ತಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಸರ, ಬ್ಯಾಸಿಗ್ಯಾಗ ಕುಲಾವಿ ಹಾಕೀರಲ್ಲ, ಇದೇನು ಹಸಗೂಸೇನು?”

“ಧೂಳ್ ಕೂಡಬಾರದಂತ ನಾನ ಹಾಕೀನವ್ವ,” ಎಂದರು ಸರ್ವಮಂಗಳಮ್ಮ ಸಣ್ಣ ದನಿಯಲ್ಲಿ.

“ಧೂಳ್ ಒರೆಸಿದ್ರ ಹೋಗ್ತೈತಮ್ಮ. ಉಸಿರು ಕಟ್ಟಿದ್ರ ಏನ್ ಮಾಡೋದು? ಇನ್ನೊಂದು ಕಾಪಿ ಎಲ್ಲೈತಿ ಸರ?”

ಮಾಸ್ತರು ಬಾಗಿಲಲ್ಲಿ ನಿಂತಿದ್ದ ಹಂಪವ್ವನ ಕಡೆ ನೋಡಲಾರದೆ ನೆಲ ನೋಡಿದರು.

ಶಾಹೀನಾ ಗೊಣಗುತ್ತಲೇ ಮಾಸ್ತರ ಬಣ್ಣದ ಬ್ರಷ್ಷಿನಿಂದ ನನ್ನ ಕೊಳೆ ತೆಗೆದಳು. ಟೇಬಲ್ ಫ್ಯಾನನ್ನು ನನ್ನತ್ತ ತಿರುಗಿಸಿ ತಾನು ಬೆವರುತ್ತ ಕೂತಳು. ತಂದಿದ್ದ ಹೊಸ ಡಿಸ್ಕಿಗೆ ಐದೈದೇ ಪದ ಇಳಿಸಿಕೊಂಡು, ನನ್ನನ್ನು ಆರಲು ಬಿಟ್ಟು, ಮತ್ತೆ ಎಬ್ಬಿಸುತ್ತಿದ್ದಳು. ನಲವತ್ತು ದಾಟಿಸಿದೆ. ಕೊನೆಯ ಪದದ ನಡುವೆ ನನ್ನ ಕಸುವು ಮುಗಿಯಿತು.

ಮಾಸ್ತರು ಆ ಅರ್ಧ ಪದವನ್ನು ಹಾಕಿ ಕೇಳಿಸಿದರು. ದನಿ ತುಂಡಾದಲ್ಲಿ, ಎದುರಿಗೆ ಕೂತಿದ್ದ ಹಂಪವ್ವನ ತುಟಿಗಳು ಸದ್ದಿಲ್ಲದೆ ಮುಂದಿನ ಸಾಲು ಆಡಿದವು. ಸರ್ವಮಂಗಳಮ್ಮ ಆ ತುಟಿಗಳನ್ನೇ ನೋಡುತ್ತ ಉಳಿದದ್ದನ್ನು ಹಾಡಿ ಮುಗಿಸಿದರು. ಮಾಸ್ತರು ಅದನ್ನೂ ಧ್ವನಿಮುದ್ರಿಸಿಕೊಂಡರು.

ಹೊಸ ಡಿಸ್ಕ್ ಈಗ ಪಡಸಾಲೆಯಲ್ಲಿದೆ, ಗೋಡೆಯಿಂದ ಒಂದು ಗೇಣು ದೂರ. ತಿಂಗಳಿಗೊಮ್ಮೆ ಧೂಳು ತೆಗೆಯುತ್ತಾರೆ; ಆಯುಧಪೂಜೆಯ ವಿಭೂತಿ ಈಗ ಮೇಜಿನ ಕಾಲಿಗೆ. ಪದಗಳ ಇನ್ನೊಂದು ಪ್ರತಿ, ಯಾರೂ ಕೇಳದಿದ್ದರೂ, ಶಾಹೀನಾಳ ಅಂಗಡಿಯಲ್ಲಿದೆ.

ನಾನು ಕಪಾಟಿನ ಮೂಲೆಯಲ್ಲಿದ್ದೇನೆ. ಜಿರಳೆ ಈಗಲೂ ಬರುತ್ತದೆ, ಅದನ್ನು ಕಂಡರೆ ನನಗಾಗುವ ಹೇಸಿಗೆಯೂ ಹೋಗಿಲ್ಲ. ಸರ್ವಮಂಗಳಮ್ಮ ಆ ಉಣ್ಣೆಯ ಕವರನ್ನು ಒಗೆದು ತಂದು ನನಗೇ ಹೊದಿಸಿದ್ದಾರೆ. ಮೈ ಪೂರ್ತಿ ತಣ್ಣಗಾಗಿದೆ. ಈಗ ಅದು ಹಿತವಾಗಿದೆ.